ಕತ್ತಲಲ್ಲಿ ಹನ್ನೊಂದು

ಇದು ನಮ್ಮ ಪಕ್ಕದ ಮನೆಯ ಸರಿಯೆಮ್‌ಗೆ ಆದದ್ದು. ಇಮೊಗಿರಿಗೆ ಹೋಗುವ ದಾರಿಯಲ್ಲಿ ಆಲದ ಮರ, ಅದರ ಬುಡದಲ್ಲಿ ಬಾವಿ... ಅಲ್ಲೇ.

ಅವತ್ತು ರಾತ್ರಿ ಒಬ್ಬಳೇ ಮನೆಗೆ ಹಿಂದಿರುಗುತ್ತಿದ್ದಳು. ಹೊದಿಕೆಯಡಿ ಸತ್ತ ಗಂಡನ ಕೆರಿಸ್, ಹಾವಿನ ಹಾಗೆ ಬಳುಕಿದ ಕಠಾರಿ.

ಮನೆತನದ ಆಯುಧಗಳನ್ನು ಶುದ್ಧಿ ಮಾಡುವ ಸುರೊ ತಿಂಗಳು ಬಂತೆಂದು ಅದನ್ನು ನಿಂಬೆರಸದಲ್ಲಿ ತೊಳೆಯಲು ಊರವರ ಕೆರಿಸ್ ತೊಳೆದುಕೊಡುವ ಪರ್ತೊ ಅಜ್ಜನಿಗೆ ಕೊಟ್ಟಿದ್ದಳು. ಮುಂದಿನ ತಿಂಗಳು ಮಗ ಅದನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಮದುವೆಯಾಗಬೇಕು. ನಮ್ಮದು ಹನ್ನೊಂದು ಬಳುಕಿನದು ಎಂದು ಗಂಡ ಊರೆಲ್ಲ ಹೇಳಿಕೊಂಡಿದ್ದ. ಬೀಗರ ಕಿವಿಗೂ ಬಿದ್ದಿತ್ತು. ತೊಳೆದು ಬಂದದ್ದನ್ನು ಎಣಿಸಿದರೆ ಒಂಬತ್ತು.

ಮುದುಕ ಬದಲಾಯಿಸಿದ್ದಾನೆ ಎಂದು ಜಗಳಕ್ಕೆ ಹೋದಳು. ಅವನು ಕೂಗಾಡಲಿಲ್ಲ. ಬೇರೆಯವರ ಅಲಗು ಈ ಒರೆಗೆ ಕೂರುತ್ತದೇನು, ಹಾಕಿ ನೋಡು ಎಂದ. ಹಾಕಿದಳು. ಟಕ್ ಎಂದು ಕೂತಿತು.

"ಮೊದಲು ಯಾವತ್ತಾದ್ರೂ ನೀನೇ ಎಣಿಸಿದ್ದೀಯೇನಮ್ಮ?"

"ಗಂಡಸರ ವಸ್ತು. ನಾನ್ಯಾಕೆ ಬಿಚ್ಚಲಿ? ಅವರು ಹೇಳಿದ್ರು."

"ಹೇಳಿದ್ರಾ... ಸರಿ. ಇಪ್ಪತ್ತು ವರ್ಷದಿಂದ ತೊಳೀತಿದೀನಿ. ಒಂಬತ್ತೇ."

ಹಿಂದಿರುಗುವ ದಾರಿಯಲ್ಲಿ ಅನುಮಾನ ಗಂಡನ ಮೇಲೆ ತಿರುಗಿತು. ಹಳೆಯದನ್ನು ಮಾರಿಕೊಂಡನೇ? ಮೊದಲಿಂದಲೂ ಸುಳ್ಳೇ? ಹಾಗಾದರೆ ತಾನು ಮೂವತ್ತು ವರ್ಷ ಬಾಳಿದ್ದು ಯಾರ ಜೊತೆ?

ಬಾವಿ ಬಂತು. ಗಾಳಿಯಿಲ್ಲ. ಆದರೂ ರಾಟೆ ಕಿರ್... ಎಂದಿತು. ಅವಳು ನಿಂತಳು. ಹೊದಿಕೆಯಡಿ ಟಕ್... ಟಕ್... ಒರೆಯೊಳಗೆ ಅಲಗು ತಾನಾಗಿಯೇ ತಟ್ಟುತ್ತಿತ್ತು. ಹಿಂದೆ ಒದ್ದೆ ಚಪ್ಪಲಿಯ ಪಚ್... ಪಚ್... ಅದೂ ನಿಂತಿತು. ಲವಂಗದ ಸಿಗರೇಟಿನ ವಾಸನೆ. ಗಂಡ ಸೇದುತ್ತಿದ್ದದ್ದು ಅದನ್ನೇ.

ಅವಳು ಹೆದರಲಿಲ್ಲ ಎಂದು ನಾನು ಹೇಳುವುದಿಲ್ಲ. ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ತಿರುಗದೆಯೇ ಪಿಸುಗುಟ್ಟಿದಳು.

"ಈಗಲಾದ್ರೂ ನಿಜ ಹೇಳಿ. ಎಷ್ಟು?"

ಕಿವಿಯ ಹತ್ತಿರ, ಉಸಿರಿನಷ್ಟೇ...

"ಎಣಿಸೆ."

ಒರೆ ಸರಿಸಿ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಏಳು... ಎಂಟು... ಒಂಬತ್ತು. ಅಲಗು ಮುಗಿಯಲಿಲ್ಲ. ಹತ್ತು. ಹನ್ನೊಂದು.

ಮನೆಗೆ ಓಡಿ ದೀಪದಡಿ ಹಿಡಿದಳು. ಒಂಬತ್ತು. ದೀಪ ಊದಿದಳು. ಹನ್ನೊಂದು.

ಅದನ್ನೇ ಮಗನಿಗೆ ಕೊಟ್ಟಳು. ಮದುವೆಯಲ್ಲಿ ಹೆಣ್ಣಿನ ಸೋದರಮಾವ ಎಲ್ಲರೆದುರು ಎಣಿಸಿ, ಎರಡು ಬಳುಕು ದಾರೀಲಿ ಉದುರಿಹೋದವೇನಮ್ಮ ಎಂದು ನಕ್ಕ. ಸರಿಯೆಮ್ ತಲೆ ತಗ್ಗಿಸಲಿಲ್ಲ. ಅವನನ್ನು ಒಳಕೋಣೆಗೆ ಕರೆದು, ಬಾಗಿಲು ಮುಚ್ಚಿ, ದೀಪ ಆರಿಸಿ, ಕಠಾರಿಯನ್ನು ಕೈಗಿಟ್ಟಳು. ಹೊರಗೆ ಬಂದವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮದುಮಗನ ಬೆನ್ನಿಗೆ ತಾನೇ ಸಿಕ್ಕಿಸಿದ.

ನಂಬದಿದ್ದರೆ ಬಿಡಿ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ನಾನೂ ಒಂದು ರಾತ್ರಿ ದೀಪ ಆರಿಸಿ, ಈ ಬೆರಳಿನಿಂದಲೇ ಎಣಿಸಿದ್ದೇನೆ. ಹನ್ನೊಂದೇ. ಒಂಬತ್ತು ಕಬ್ಬಿಣದ ಹಾಗೆ ತಣ್ಣಗಿದ್ದವು. ಕೊನೆಯ ಎರಡು ಬೆಚ್ಚಗಿದ್ದವು.