ಅಗಲ ಬಾಗಿಲಿನ ಕೋಣೆ

ಯಾವ ಊರು ಎಂದು ಕೇಳಬೇಡಿ, ಹೆಸರು ಹೇಳಿದರೆ ಅಲ್ಲಿ ನಿಮಗೊಬ್ಬ ನೆಂಟ ಸಿಕ್ಕೇ ಸಿಗುತ್ತಾನೆ. ಒಂದೂರಲ್ಲಿ ಒಬ್ಬ ಶ್ರೀಮಂತ, ಅಷ್ಟು ಸಾಕು. ಆತ ಒಂದು ಕಲ್ಯಾಣ ಮಂಟಪ ಕಟ್ಟಿಸಿದ. ಮಂಟಪದ ಹಿಂದೆ ಶೌಚಾಲಯಗಳನ್ನೂ ಕಟ್ಟಿಸಿದ. ಪ್ರವಚನದಲ್ಲಿ ಶೌಚಾಲಯದ ಮಾತೇ ಎಂದು ಮೂಗು ಮುರಿಯಬೇಡಿ. ಹೊಟ್ಟೆಗೆ ಹಾಕುವುದನ್ನು ಪ್ರಸಾದ ಎನ್ನುತ್ತೇವಲ್ಲ, ಅದರ ಮುಂದಿನ ದಾರಿಯನ್ನೂ ದೇವರೇ ಮಾಡಿದ್ದು.

ಆ ಶೌಚಾಲಯಗಳಲ್ಲಿ ಒಂದು ಮಾತ್ರ ಬೇರೆ ಥರ. ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ಅಗಲ ಬಾಗಿಲು, ಮೆಟ್ಟಿಲಿಲ್ಲ, ಗೋಡೆಗೆ ಹಿಡಿದುಕೊಳ್ಳಲು ಕಂಬಿ. ಇಂಥದೊಂದು ಇರಲೇಬೇಕು ಎಂದು ಎಂಜಿನಿಯರ್ ಹೇಳಿದ, ಶ್ರೀಮಂತ ಕಟ್ಟಿಸಿದ. ಕಟ್ಟಿಸಿ ನೋಡಿದರೆ ಇಡೀ ಮಂಟಪದಲ್ಲೇ ಅಷ್ಟು ಚೆನ್ನಾದ, ಗಾಳಿ ಬೆಳಕಿನ ಕೋಣೆ ಇನ್ನೊಂದಿಲ್ಲ. ಚೆನ್ನಾಗಿರುವುದೆಲ್ಲ ಯಾರಿಗೆ ಮೀಸಲು ನಮ್ಮಲ್ಲಿ? ಬೀಗರಿಗೆ. ಬಾಗಿಲಿಗೆ ಬೀಗ ಹಾಕಿಸಿ, ಪ್ರತಿ ಮದುವೆಯಲ್ಲೂ ತಾಂಬೂಲದ ತಟ್ಟೆಯಲ್ಲಿ ಅದರ ಕೀಲಿಕೈ ಇಟ್ಟು ಗಂಡಿನ ಕಡೆಯವರಿಗೆ ಕೊಡುವುದು ಅಲ್ಲಿಯ ಮರ್ಯಾದೆ ಆಯಿತು. ಅವರು ಅಲ್ಲಿ ಸೀರೆ ಉಟ್ಟರು, ತಲೆ ಬಾಚಿದರು, ತೆಂಗಿನಕಾಯಿ ಚೀಲ ಇಟ್ಟರು. ಕಂಬಿಯ ಮೇಲೆ ಒದ್ದೆ ಬಟ್ಟೆ ಒಣಗಿದವು. ಯಾರಿಗೂ ಇದು ತಪ್ಪು ಅನ್ನಿಸಲೇ ಇಲ್ಲ ನೋಡಿ.

ಶ್ರೀಮಂತನಿಗೆ ಒಬ್ಬಳು ಅಕ್ಕ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವಳು ಅವಳೇ. ಹಿಂದೊಮ್ಮೆ ಬಿದ್ದು ಬೆನ್ನಿಗೆ ಪೆಟ್ಟಾಗಿ, ಈಗ ಗಾಲಿಕುರ್ಚಿಯಲ್ಲೇ ಓಡಾಟ. ಮದುವೆಗೆ ಹೊರಟ ದಿನ ಆಕೆ ಕಾಫಿ ಮುಟ್ಟುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ಅಕ್ಷತೆ ಹಾಕಿ, ತಲೆನೋವು ಎಂದು ಹೇಳಿ, ಊಟಕ್ಕೂ ನಿಲ್ಲದೆ ಮನೆಗೆ ಬರುತ್ತಿದ್ದಳು. ಅಕ್ಕನಿಗೆ ಗದ್ದಲ ಆಗುವುದಿಲ್ಲ ಎಂದು ತಮ್ಮ ನಂಬಿದ್ದ.

ಆದರೆ ತಮ್ಮನ ಮಗಳ ಮದುವೆಗೆ ಹಾಗೆ ಬಂದುಬಿಡಲಾದೀತೇ? ಧಾರೆಯ ಹೊತ್ತಿಗೆ ಸೋದರತ್ತೆ ಪಕ್ಕದಲ್ಲೇ ಇರಬೇಕು ಎಂದು ಹುಡುಗಿ ಹಟ ಹಿಡಿದಿದ್ದಳು. ಸರಿ, ಅಕ್ಕ ಬೆಳಗಿನಿಂದ ಬಾಯಿ ಒಣಗಿಸಿಕೊಂಡೇ ಕೂತಳು. ಅಷ್ಟರಲ್ಲಿ ಹುಡುಗನ ತಾಯಿ ಪಾನಕ ಹಿಡಿದು ಬಂದರು. "ನಮ್ಮ ಕೈಯಿಂದ ಒಂದು ಲೋಟ ತಗೊಳ್ಳಲೇಬೇಕು ನೀವು." ಬೀಗಿತ್ತಿಯ ಉಪಚಾರ, ಬೇಡವೆನ್ನುವುದು ಹೇಗೆ? ಕುಡಿದಳು. ಅವರು ಇನ್ನೊಂದು ಲೋಟ ಬಗ್ಗಿಸಿದರು, ಅದನ್ನೂ ಕುಡಿದಳು.

ಮುಹೂರ್ತ ಹತ್ತಿರವಾದಾಗ ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿ ತಳ್ಳಿಕೊಂಡು ಹಿಂದೆ ಹೋದಳು. ಉಳಿದ ಬಾಗಿಲುಗಳಲ್ಲಿ ಕುರ್ಚಿ ತೂರುವುದೇ ಇಲ್ಲ. ಅಗಲದ ಬಾಗಿಲಿಗೆ ಒಳಗಿನಿಂದ ಚಿಲಕ. ಹುಡುಗನ ದೊಡ್ಡಪ್ಪ ಒಳಗೆ ಹಾಡು ಗುನುಗುತ್ತಾ ನಿಧಾನವಾಗಿ ರೇಷ್ಮೆ ಪಂಚೆಗೆ ನಿರಿಗೆ ಹಿಡಿಯುತ್ತಿದ್ದರು. ಬಾಗಿಲು ತಟ್ಟಿ ಹೆಂಗಸೊಬ್ಬಳು ಗಂಡಸಿಗೆ ಏನೆಂದು ಹೇಳಬೇಕು? ಅದೂ ಬೀಗರಿಗೆ? ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ದೇವರೇ ಮಾನ ಉಳಿಸು ಎಂದುಕೊಂಡು ಕೂತಳು. ಕೇಳಿದಿರಾ? ಮೋಕ್ಷ ಕೇಳಲಿಲ್ಲ ಆಕೆ. ಒಂದು ಬಾಗಿಲು ತೆರೆಯಲಿ ಎಂದು ಕೇಳಿದಳು.

ತಮ್ಮ ಹುಡುಕಿಕೊಂಡು ಬಂದ. "ಇಲ್ಲೇನು ಮಾಡ್ತಿದೀಯ ಅಕ್ಕ? ಅಲ್ಲಿ ಎಲ್ಲರೂ ಕಾಯ್ತಿದಾರೆ."

"ತಲೆನೋವು ಕಣೋ. ನನ್ನನ್ನ ಮನೆಗೆ ಕಳಿಸಿಬಿಡು."

ಅವನು ಅವಳ ಕೈ ನೋಡಿದ, ಮುಚ್ಚಿದ ಬಾಗಿಲು ನೋಡಿದ. ಅವನ ಮುಖ ಸಪ್ಪಗಾದದ್ದು ಅಕ್ಕನಿಗೆ ಕಂಡಿತು. ಇಷ್ಟು ವರ್ಷದ ತಲೆನೋವೆಲ್ಲ ಏನೆಂದು ಅವನಿಗೆ ಈಗ ಗೊತ್ತಾಗಿತ್ತು. ತಟ್ಟಲು ಕೈ ಎತ್ತಿದ, ಕೈ ಅಲ್ಲೇ ನಿಂತಿತು. "ಬೇಡ ಕಣೋ, ಬೀಗರು ಏನಂದ್ಕೋತಾರೆ" ಎಂದಳು ಅಕ್ಕ. ಅವನು ತಟ್ಟಿದ.

"ಯಾರ್ರೀ ಅದು? ಸ್ವಲ್ಪ ಇರಿ."

"ಇರೋಕಾಗಲ್ಲ ಬೀಗರೇ. ನಮ್ಮಕ್ಕ ಒಳಗೆ ಹೋಗಬೇಕು. ಆ ಕೋಣೆ ಅವಳದು, ನಾನು ತಪ್ಪಿ ನಿಮಗೆ ಕೊಟ್ಟೆ."

ಮದುವೆ ಇಲ್ಲಿಗೇ ಕೆಟ್ಟಿತು ಎಂದು ಅಕ್ಕ ಕಣ್ಣು ಮುಚ್ಚಿದಳು. ಬಾಗಿಲು ತೆರೆಯಿತು. ಅರ್ಧ ಉಟ್ಟ ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದು ದೊಡ್ಡಪ್ಪ ನಿಂತಿದ್ದರು. ಗಾಲಿಕುರ್ಚಿ ನೋಡಿದ್ದೇ ಅವರ ಮುಖ ಕೆಂಪಾಯಿತು. "ನಾನು ಬಟ್ಟೆ ಬದಲಾಯಿಸೋ ಕೋಣೆ ಅಂದ್ಕೊಂಡಿದ್ದೆ ತಾಯಿ. ಕಂಬಿ ಯಾಕಿದೆ ಅಂತಾದ್ರೂ ಯೋಚಿಸಬೇಡ್ವಾ ನಾನು?" ಎನ್ನುತ್ತಾ ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈಯಲ್ಲಿ ಕಂಬಿಯ ಮೇಲಿನ ಬಟ್ಟೆಗಳನ್ನು ಬಾಚಿಕೊಂಡು ಹೊರಬಂದರು. ಶ್ರೀಮಂತ ತಾನೇ ತೆಂಗಿನಕಾಯಿ ಚೀಲ ಹೊತ್ತು ಹೊರಗಿಟ್ಟ.

ಪುರೋಹಿತರು ಹೊತ್ತಾಯಿತು ಎಂದು ಕೂಗಿದಾಗ ಉತ್ತರ ಕೊಟ್ಟದ್ದೂ ದೊಡ್ಡಪ್ಪನೇ. "ಹುಡುಗಿ ಅತ್ತೆ ಬರೋವರೆಗೂ ಇನ್ನೊಂದೆರಡು ಮಂತ್ರ ಜಾಸ್ತಿ ಹೇಳ್ರೀ, ಪುಣ್ಯ ಬರುತ್ತೆ."

ಅಕ್ಕ ಹೊರಬಂದಾಗ ಮೈಯೆಲ್ಲ ಹಗುರ. ಅಬ್ಬ, ಬದುಕಿದೆ ಅನ್ನಿಸಿತು. ಧಾರೆ ನೋಡಿದಳು, ಪಂಕ್ತಿಯಲ್ಲಿ ಕೂತು ಊಟ ಮಾಡಿದಳು, ನೀರು ಬಡಿಸುವವನನ್ನು ತಾನೇ ಕರೆದಳು. ತಮ್ಮ ಪಕ್ಕದಲ್ಲಿ ಕೂತು ಅವಳು ಉಣ್ಣುವುದನ್ನೇ ನೋಡುತ್ತಿದ್ದ. ಮಗಳ ಮದುವೆ ಈಗ ಆಯಿತು ಅನ್ನಿಸಿತು ಅವನಿಗೆ.

ಕಥೆ ಮುಗಿಯಿತು, ಈಗ ನಿಮ್ಮ ಸರದಿ. ಆಸ್ಪತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ, ಸಿನಿಮಾ ಮಂದಿರದಲ್ಲಿ ಆ ಅಗಲ ಬಾಗಿಲು ಕಾಣುತ್ತದೆ. ಚೊಕ್ಕಟವಾಗಿದೆ, ಸಾಲಿಲ್ಲ ಎಂದು ನುಗ್ಗುತ್ತೀರಿ, ಒಳಗೆ ಕೂತು ಮೊಬೈಲ್ ನೋಡುತ್ತೀರಿ. ನಿಮಗೆ ಹತ್ತು ಬಾಗಿಲು, ಹೊರಗೆ ಗಾಲಿಕುರ್ಚಿಯಲ್ಲಿ ಕಾಯುವವರಿಗೆ ಅದೊಂದೇ. ಅವಸರ ತಡೆಯದು, ಬೇರೆಲ್ಲ ತುಂಬಿದೆ ಎಂದಾದರೆ ಹೋಗಿ, ಬೇಗ ಬನ್ನಿ, ನೆಲ ಒದ್ದೆ ಮಾಡಬೇಡಿ. ಹಾಗೆಂದು ಒಳಗಿನಿಂದ ನಡೆದು ಬಂದವರನ್ನೆಲ್ಲ ದುರುಗುಟ್ಟಿ ನೋಡಬೇಡಿ. ಎಲ್ಲರ ನೋವೂ ಕುರ್ಚಿಯ ಮೇಲೆ ಕೂತು ಬರುವುದಿಲ್ಲ.

ಕೊನೆಯದಾಗಿ ಒಂದು ಮಾತು. ಈ ಸಭಾಭವನದ ಹಿಂದೆಯೂ ಅಂಥದೊಂದು ಕೋಣೆ ಇದೆ. ಬರುವಾಗ ಇಣುಕಿ ನೋಡಿದೆ, ಅದು ನಮ್ಮ ಉಗ್ರಾಣ ಆಗಿದೆ. ನೀವು ಕೂತಿರುವ ಕುರ್ಚಿಗಳು ಅಲ್ಲಿಂದ ಬಂದವು. ಮಂಗಳಾರತಿ ಆದ ಮೇಲೆ ಪ್ರಸಾದಕ್ಕೆ ಓಡಬೇಡಿ. ಒಬ್ಬೊಬ್ಬರೂ ನಿಮ್ಮ ಕುರ್ಚಿ ಮಡಚಿ ಎತ್ತಿಕೊಳ್ಳಿ, ಅಲ್ಲಿ ಮಾತ್ರ ವಾಪಸು ಇಡಬೇಡಿ. ಬೇರೆಲ್ಲೂ ಜಾಗ ಸಿಗದಿದ್ದರೆ ತಂದು ನನ್ನ ಕೋಣೆಯಲ್ಲಿ ಇಡಿ, ನಾನು ಹಜಾರದಲ್ಲಿ ಮಲಗುತ್ತೇನೆ.