ಜೀರುಂಡೆಯ ಬೆನ್ನಿಗಿದ್ದ ಚೀಟಿ

ಫೋಟೊಗೆ ಕಟ್ಟು ಹಾಕಿಸಲು ಬಂದ ಟೀಚರಮ್ಮ ಅಂಗಡಿಯ ಬೆಂಚಿನ ಮೇಲೆ ಕಾಯುತ್ತಿದ್ದರು. ಅವರಿಗಿಂತ ಮೊದಲು ಬಂದಿದ್ದ ತಲೆ ನರೆತ ಅಕ್ಕ-ತಮ್ಮ ಇಬ್ಬರು ಮೇಜಿನ ಬಳಿ ನಿಂತಿದ್ದರು. ಮೇಜಿನ ಮೇಲೆ ಗಾಜು ಒಡೆದ ಚೌಕಟ್ಟು, ಅದರೊಳಗೆ ಒಣಗಿಸಿಟ್ಟ, ಅಂಗೈಯಷ್ಟು ದೊಡ್ಡ, ಕೊಂಬಿರುವ ಜೀರುಂಡೆ. ಅಪ್ಪ ತೀರಿಕೊಂಡು ತಿಂಗಳಾಗಿದೆಯೆಂದು ಅವರ ಮಾತಿನಿಂದಲೇ ಟೀಚರಮ್ಮನಿಗೆ ತಿಳಿಯಿತು.

“ನೀನೇ ಇಟ್ಕೊ. ಅಪ್ಪನ ಮುದ್ದಿನ ಆಸ್ತಿ,” ಎಂದಳು ಅಕ್ಕ.

“ನನ್ನ ಹೆಂಡತಿ ಒಳಗೆ ಬಿಡಲ್ಲ. ಮನೇಲಿ ಕೊಂಬಿರೋನು ಒಬ್ಬ ಸಾಕಂತೆ.”

“ನಮ್ಮ ಹುಟ್ಟುಹಬ್ಬ ಮರೆತರೂ ಇದಕ್ಕೆ ನುಸಿಗುಳಿಗೆ ಇಡೋದು ಅಪ್ಪ ಮರೀತಿರಲಿಲ್ಲ.”

“ಪಾಪ, ಅದು ನಮ್ಮ ಹಾಗೆ ಎದುರು ಮಾತಾಡ್ತಿರಲಿಲ್ವಲ್ಲ.”

ಅಂಗಡಿಯವನು ಹಿಂದಿನ ಹಲಗೆ ಬಿಚ್ಚಿದ. ಒಳಗೆ ಅಪ್ಪನ ಕೈಬರಹದ ಚೀಟಿಯಿತ್ತು. ತಮ್ಮ ಕನ್ನಡಕ ಏರಿಸಿ ಓದಿದ: “ಮಳೆಕಾಡಿನಲ್ಲಿ ಸಿಕ್ಕಿದ್ದು. ಮಗಳು ಹುಟ್ಟಿದಳೆಂದು ತಂತಿ ಬಂದ ದಿನ.”

ಅಕ್ಕ ಚೀಟಿಯನ್ನು ಈಸಿಕೊಂಡು ತಾನೂ ಒಮ್ಮೆ ಓದಿದಳು.

“ಆಸ್ಪತ್ರೇಲಿ ಅಮ್ಮ ಒಬ್ಬಳೇ. ಇವರು ಅಲ್ಲಿ ಹುಳದ ಬಾಣಂತನ ಮಾಡ್ತಿದ್ರು.”

“ಆದ್ರೂ ನೆನಪಿಟ್ಟಿದ್ರಲ್ಲ, ಅಕ್ಕ.”

“ಹೂಂ. ಅರವತ್ತು ವರ್ಷ ಗೋಡೆಗೆ ಹೇಳ್ತಾ ಬಂದ್ರು. ನನಗೆ ಹೇಳೋಕೆ ಮಾತ್ರ ಬಾಯಿ ಬರಲಿಲ್ಲ.”

ಹೊಸ ಗಾಜು ಕೂತಿತು. ತಮ್ಮ ಚೌಕಟ್ಟನ್ನು ಚೀಲಕ್ಕೆ ಹಾಕಲು ಹೊರಟ.

“ಹಾಗಾದ್ರೆ ಅಟ್ಟಕ್ಕೆ ಹಾಕಿಬಿಡ್ಲಾ?”

“ಬೇಡಪ್ಪ ಮಹರಾಯ, ನೀನು ಅಟ್ಟ ಹತ್ತಿದ್ರೆ ಇಳಿಸೋಕೆ ನಾಲ್ಕು ಜನ ಬೇಕು. ಇಲ್ಲಿ ಕೊಡು.”

ಅವಳು ಚೌಕಟ್ಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಮೆಟ್ಟಿಲಿಳಿದಳು. ತಮ್ಮ ಮುಂದೆ ಹೋಗಿ ಕಾರಿನ ಬಾಗಿಲು ತೆಗೆದ.