ಕೆಂಪಾಗದ ಮೊದಲ ಸಾಲು

೧೯೯೯ರ ಒಂದು ಬೆಳಿಗ್ಗೆ. ಬೆಳ್ಳೂರು ಕ್ರಾಸಿನಲ್ಲಿ ಬೇರೆ ಊರಿನ ಬಸ್ಸು ಕಾಯುತ್ತಿದ್ದ ಕೌಸಲ್ಯ ಟೀಚರ ಪಕ್ಕದಲ್ಲೇ ಅಕ್ಕ ತಮ್ಮ ಮಾತಾಡುತ್ತಿದ್ದರು.

"ಯಾಕ್ಲಾ ಚಲುವರಾಜು, ಮಂಕಾಗಿದ್ದೀಯ?"

"ವೆಬ್ ಪುಟ ಮಾಡ್ತಿವ್ನಿ ಕಣಕ್ಕ. ಮೊದಲ್ನೆ ಸಾಲು ಮಾತ್ರ ಕೆಂಪಗಾಗ್ಲಿ ಅಂತ ಬರ್ದಿವ್ನಿ. ಪುಟ ತೆರ್ದು ತೋರ್ಸೋ ಒಂದು ಬ್ರೌಸರಲ್ಲಿ ಆಯ್ತದೆ, ಇನ್ನೊಂದ್ರಲ್ಲಿ ಆಗಕಿಲ್ಲ."

"ನೀನೇ ತಪ್ಪು ಬರ್ದಿರ್ಬೇಕು."

"ನಾನು ಕೆಲ್ಸ ಮಾಡೋ ಕಂಪ್ಯೂಟರ್ ಅಂಗ್ಡಿ ಓನರೂ ಅಂಗೇ ಅಂತಾರೆ. ತಪ್ಪು ಆ ಬ್ರೌಸರ್‌ದೇ ಕಣಕ್ಕ. ಅಂಗಂದ್ರೆ ನಂಬೋರು ನಾಗಮಂಗ್ಲದಲ್ಲಿ ಒಬ್ರೂ ಇಲ್ಲ."

ಅಕ್ಕ ಅವನ ಕಡೆಗೆ ತಿರುಗಿ ನಿಂತಳು.

"ನಂಗೂ ತಿಳಿಯಕಿಲ್ಲ ಕಣ್ಲಾ. ಆದ್ರೂ ಬಸ್ಸಲ್ಲಿ ಕೂತ್ಕಂಡು ಮೊದಲಿಂದ ಹೇಳು, ಕೇಳ್ತೀನಿ."

ನಾಗಮಂಗಲದ ಬಸ್ಸು ಬಂತು, ಇಬ್ಬರೂ ಹತ್ತಿದರು. ಕಿಟಕಿಯ ಬಳಿ ಅವನು ಅಂಗೈ ಮೇಲೆ ಬೆರಳಿಂದ ಬರೆದು ತೋರಿಸುತ್ತಿದ್ದ. ಬಸ್ಸು ಕಣ್ಮರೆಯಾದ ಮೇಲೂ ಕೌಸಲ್ಯ, ತಿಳಿಯದಿದ್ದರೂ ಕೂತು ಕೇಳುವವರು ತಮಗೂ ಒಬ್ಬರಿದ್ದಿದ್ದರೆ ಎಂದುಕೊಂಡು, ಅತ್ತಲೇ ನೋಡುತ್ತಾ ಒಬ್ಬರೇ ನಿಂತಿದ್ದರು.